ಹಿಟ್ಟಿನ ಕೋಳಿ ಯಾವ ಅಲಂಕಾರ?

ಕಾವ್ಯದ ಅಲಂಕಾರಗಳನ್ನು ಕುರಿತು ನಮ್ಮ ಮನೆಗಳಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಅವು ಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಲಕ್ಷಣಗಳು, ಧರ್ಮಜಿಜ್ಞಾಸೆಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದೇ ಆ ಕಲ್ಪನೆ. ಹುಬ್ಬಳ್ಳಿ-ಧಾರವಾಡಗಳ ನಡುವಣ ರಾಯಾಪುರದ ಒಂದು ಮನೆಯಲ್ಲಿ, ಸ್ವಾಧ್ಯಾಯದ ನಿಮಿತ್ತ ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ಓದುತ್ತಿದ್ದಾಗ ಎದ್ದ ಎರಡು ಪ್ರಶ್ನೆಗಳು ಈ ಕಲ್ಪನೆ ಎಷ್ಟು ಸಡಿಲವಾದುದೆಂಬುದನ್ನು ತೋರಿಸಿಕೊಟ್ಟವು.

ಮೊದಲನೆಯದು ಹಿರಿಯರೊಬ್ಬರದು. “ಕಥೆ ಆರಂಭವಾಗುವ ರಾಜಪುರವೂ ನಮ್ಮ ಈ ರಾಯಾಪುರವೂ ಒಂದೆಯೇ?” ಎಂದು ಅವರು ನಗುತ್ತಲೇ ಕೇಳಿದರು. ಎರಡನೆಯದು ಕಾಲೇಜಿನಲ್ಲಿ ಓದುವ ಹುಡುಗಿಯದು. ಅವಳು ನಗಲಿಲ್ಲ. “ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನಲ್ಲವೆ? ಅದು ಬರೀ ಒಂದು ಪ್ರತಿಮೆ. ಪ್ರತಿಮೆಯನ್ನು ಕಡಿದವನಿಗೆ ಜನ್ಮಜನ್ಮಾಂತರದ ದುಃಖವೆಂದರೆ ಅದು ನ್ಯಾಯವೇ?” ಎಂದಳು.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ‘ರಾಜ’ ಎಂಬುದರ ತದ್ಭವ ‘ರಾಯ’. ಆದುದರಿಂದ ಎರಡು ಊರುಗಳ ಹೆಸರಿನ ಅರ್ಥ ಒಂದೇ, ಊರುಗಳು ಮಾತ್ರ ಬೇರೆ. ಹೋಲಿಕೆ ಇದ್ದ ಮಾತ್ರಕ್ಕೆ ಅಭೇದವಿದೆಯೆಂದಲ್ಲ. ಆದರೆ ಎರಡನೆಯ ಪ್ರಶ್ನೆಯ ಉತ್ತರವೂ ಇದೇ ವಿವೇಕವನ್ನು ಅವಲಂಬಿಸಿದೆ. ಎಲ್ಲಿ ಹೋಲಿಕೆ ಮುಗಿದು ಅಭೇದ ಆರಂಭವಾಗುತ್ತದೆ ಎಂಬುದನ್ನು ತಿಳಿಯಲು ಅಲಂಕಾರಶಾಸ್ತ್ರವೇ ಬೇಕು.

ಈ ಶಾಸ್ತ್ರ ನಮಗೆ ಹೊರಗಿನಿಂದ ಬಂದ ಸರಕೇನಲ್ಲ. ಕನ್ನಡದಲ್ಲಿ ಇಂದು ದೊರೆಯುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವೇ ಒಂದು ಅಲಂಕಾರಗ್ರಂಥ. ಸುಮಾರು ಕ್ರಿ. ಶ. 850ರಲ್ಲಿ, ಜಿನಭಕ್ತನಾದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಅದನ್ನು ರಚಿಸಿದನು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳನ್ನೂ ಎರಡನೆಯದು ಶಬ್ದಾಲಂಕಾರಗಳನ್ನೂ ಮೂರನೆಯದು ಅರ್ಥಾಲಂಕಾರಗಳನ್ನೂ ವಿವೇಚಿಸುತ್ತವೆ. ತಿರುಳ್ಗನ್ನಡದ ನೆಲೆಗಳೆಂದು ಅದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಶಂಖಜಿನಾಲಯವಿರುವ ಇಂದಿನ ಲಕ್ಷ್ಮೇಶ್ವರ, ಅಂದರೆ ನಮ್ಮ ನೆರೆಯ ಊರು. ಮುಂದೆ ‘ಕಾವ್ಯಾವಲೋಕನ’ವನ್ನು ಬರೆದ ನಾಗವರ್ಮನೂ ‘ರಸರತ್ನಾಕರ’ವನ್ನು ಬರೆದ ಸಾಳ್ವನೂ ಇದೇ ಪರಂಪರೆಯವರು. ಗ್ರಂಥವು ದೋಷವಿಚಾರದಿಂದ ಆರಂಭವಾಗುವುದನ್ನು ಇಲ್ಲಿ ಗಮನಿಸಬೇಕು. ಮಾತಿನ ಅತಿಚಾರಗಳನ್ನು ಅರಿತ ಮೇಲಷ್ಟೇ ಮಾತಿನ ಸೊಬಗು.

ಅಲಂಕಾರಗಳ ಸ್ವರೂಪವನ್ನು ತಿಳಿಯಲು ರಾಯಾಪುರದಿಂದ ಬಹುದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯತ್ತ ಹೋಗುವ ದಾರಿಯಲ್ಲಿರುವ ಉಣಕಲ್ ಕೆರೆಯೊಂದೇ ಸಾಕು. ‘ಕೆರೆಯು ಕನ್ನಡಿಯಂತೆ ಹೊಳೆಯುತ್ತಿದೆ’ ಎಂದರೆ ಉಪಮೆ. ಇಲ್ಲಿ ಕೆರೆ ಉಪಮೇಯ, ಕನ್ನಡಿ ಉಪಮಾನ, ಹೊಳೆಯುವುದು ಸಾಧಾರಣಧರ್ಮ, ‘ಅಂತೆ’ ಎಂಬುದು ವಾಚಕ. ಎರಡು ವಸ್ತುಗಳೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿದಿವೆ. ‘ಕೆರೆಯೆಂಬ ಕನ್ನಡಿ’ ಎಂದರೆ ರೂಪಕ. ಭೇದ ತೋರುತ್ತಿದ್ದರೂ ಅಭೇದವನ್ನು ಆರೋಪಿಸಿದ್ದಾಯಿತು. ‘ಇದು ಕೆರೆಯಲ್ಲ, ಕನ್ನಡಿ’ ಎಂದರೆ ಅಪಹ್ನುತಿ. ಇದ್ದುದನ್ನು ಅಲ್ಲಗಳೆದು ಇಲ್ಲದುದನ್ನು ಸ್ಥಾಪಿಸುವುದು ಅದರ ಲಕ್ಷಣ. ಆಕಾಶವನ್ನು ಹಿಡಿಯಲೆಂದೇ ಕೆರೆ ಮೈಚಾಚಿಕೊಂಡಿದೆಯೋ ಏನೋ ಎಂದು ಸಂಭಾವಿಸಿದರೆ ಉತ್ಪ್ರೇಕ್ಷೆ. ದಡದ ಹಕ್ಕಿಯೊಂದು ನೀರಿನಲ್ಲಿ ಕಂಡ ತನ್ನ ಬಿಂಬವನ್ನು ಇನ್ನೊಂದು ಹಕ್ಕಿಯೆಂದೇ ನಂಬಿ ಕುಕ್ಕಿತೆಂದು ವರ್ಣಿಸಿದರೆ ಭ್ರಾಂತಿಮದಲಂಕಾರ.

ಕೆರೆ ಒಂದೇ. ಅದನ್ನು ಕಾಣುವ ಮನಸ್ಸಿನ ಭಂಗಿಗಳು ಐದು. ಅಲಂಕಾರಗಳು ವಸ್ತುವಿನ ಮೇಲೆ ತೊಡಿಸಿದ ಒಡವೆಗಳಲ್ಲ, ವಸ್ತುವನ್ನು ಕುರಿತ ಭಾವದ ಪ್ರಕಾರಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಭಾವವನ್ನೇ ಬಂಧ-ಮೋಕ್ಷಗಳಿಗೆ ಕಾರಣವೆಂದು ಬಗೆಯುವ ಧರ್ಮಕ್ಕೆ ಇದು ಅಪ್ರಸ್ತುತವಾಗುವುದಾದರೂ ಹೇಗೆ?

ಇನ್ನು ಕಾವ್ಯಕ್ಕೆ ಬರೋಣ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ, ಕವಿಚಕ್ರವರ್ತಿಯೆಂಬ ಬಿರುದುಳ್ಳ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದನು. ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲೇ ಸಾಗುವ ಕಿರಿದಾದ ಕಾವ್ಯ. ಇದೇ ಕಥೆಯನ್ನು 959ರಲ್ಲಿ ಸೋಮದೇವಸೂರಿಯು ‘ಯಶಸ್ತಿಲಕ’ವೆಂಬ ವಿಸ್ತಾರವಾದ ಸಂಸ್ಕೃತ ಚಂಪುವಿನಲ್ಲಿ ಹೇಳಿದ್ದನು. ವಾದಿರಾಜನೂ ಸಂಸ್ಕೃತದಲ್ಲಿಯೇ ಅದನ್ನು ಸಂಗ್ರಹವಾಗಿ ನಿರೂಪಿಸಿದ್ದನು. ಇತ್ತೀಚೆಗೆ, 1980ರಲ್ಲಿ, ಧಾರವಾಡದ ನಂಟು ಗಾಢವಾಗಿದ್ದ ಗಿರೀಶ ಕಾರ್ನಾಡರು ಈ ವಸ್ತುವನ್ನೇ ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು. ಸಾವಿರ ವರ್ಷಗಳಲ್ಲಿ ಇಷ್ಟು ಮಂದಿಯನ್ನು ಕಾಡಿದ ಪ್ರಶ್ನೆ ಆ ಹುಡುಗಿ ಕೇಳಿದ ಪ್ರಶ್ನೆಯೇ.

ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿಯು ವಿಕಾರರೂಪಿಯಾದ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿ ಮಗನ ಮುಖ ಬಾಡಿರುವುದನ್ನು ಕಂಡು ಕಾರಣ ಕೇಳಿದಾಗ, ಕಂಡ ಸತ್ಯವನ್ನು ಹೇಳದೆ ಕೆಟ್ಟ ಕನಸೊಂದನ್ನು ಕಂಡೆನೆಂದು ಮರೆಮಾಡುತ್ತಾನೆ. ಅನರ್ಥಪರಂಪರೆಯ ಮೊದಲ ಎಳೆ ಇಲ್ಲಿದೆ. ನಡೆದ ಸಂಗತಿಯನ್ನು ಕನಸೆಂದು ಹೇಳುವುದು ಮೇಲುನೋಟಕ್ಕೆ ಸೌಜನ್ಯ, ಆಳದಲ್ಲಿ ಅಪಹ್ನುತಿ. ಕಾವ್ಯದಲ್ಲಿ ಅಪಹ್ನುತಿ ಚಮತ್ಕಾರ, ಏಕೆಂದರೆ ಕೇಳುವವನಿಗೂ ನಿಜ ಗೊತ್ತಿರುತ್ತದೆ. ಕೇಳುವವನಿಗೆ ನಿಜ ತಿಳಿಯದಿದ್ದಾಗ ಅದು ಸತ್ಯಾಣುವ್ರತದ ಭಂಗ.

ತಾಯಿಯು ಕನಸನ್ನು ಕನಸೆಂದೇ ನಂಬುತ್ತಾಳೆ, ಶಾಂತಿಗಾಗಿ ಚಂಡಮಾರಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಮಗನು ಹಿಂಸೆಗೆ ಒಪ್ಪುವುದಿಲ್ಲ. ಆದರೆ ತಾಯಿಯ ಮಾತನ್ನು ಪೂರ್ತಿಯಾಗಿ ಮೀರಲೂ ಆರನು. ಆಗ ಹೊಳೆಯುವ ನಡುದಾರಿಯೇ ಹಿಟ್ಟಿನ ಕೋಳಿ. ಇಬ್ಬರ ಮನಸ್ಸೂ ನೋಯಬಾರದೆಂಬ ದಾಕ್ಷಿಣ್ಯದಲ್ಲಿ ಹುಟ್ಟಿದ ಉಪಾಯವಾದುದರಿಂದಲೇ ಅದು ನಮ್ಮನ್ನು ಹೆಚ್ಚು ಕಲಕುತ್ತದೆ. ಯಶೋಧರನು ಕ್ರೂರಿಯಾಗಿದ್ದರೆ ಈ ಕಥೆಯಿಂದ ನಾವು ಕಲಿಯಬೇಕಾದುದೇನೂ ಇರುತ್ತಿರಲಿಲ್ಲ.

ಹಾಗಾದರೆ ಹಿಟ್ಟಿನ ಕೋಳಿ ಯಾವ ಅಲಂಕಾರ? ಉಪಮೆಯಾಗಿದ್ದರೆ, ಅಂದರೆ ‘ಕೋಳಿಯಂತಿರುವ ಹಿಟ್ಟು’ ಎಂದಷ್ಟೇ ಭಾವಿಸಿದ್ದರೆ, ಅದನ್ನು ದೇವತೆಯ ಮುಂದೆ ಕಡಿಯುವುದರಿಂದ ಬಲಿಯ ಫಲ ಬರುತ್ತದೆಂದು ನಂಬಲು ಆಧಾರವಿಲ್ಲ. ಫಲವನ್ನು ಬಯಸಿದ ಕ್ಷಣದಲ್ಲಿಯೇ ಅದು ರೂಪಕವಾಯಿತು, ಹಿಟ್ಟಿನ ಮೇಲೆ ಕೋಳಿಯ ಆರೋಪ ನಡೆಯಿತು. ಆದರೆ ತಾಯಿ-ಮಗನ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ದೇವತೆಯ ಮುಂದೆ ಅದು ಕೋಳಿ, ಅಹಿಂಸಾವ್ರತದ ಮುಂದೆ ಅದು ಬರೀ ಹಿಟ್ಟು. ಒಂದೇ ವಸ್ತುವಿಗೆ ಎರಡು ಖಾತೆ. ಪುಣ್ಯದ ಖಾತೆಯಲ್ಲಿ ರೂಪಕವನ್ನೂ ಪಾಪದ ಖಾತೆಯಲ್ಲಿ ಉಪಮೆಯನ್ನೂ ಬರೆದುಕೊಳ್ಳುವ ಈ ವ್ಯವಹಾರವನ್ನೇ ಜನ್ನನು ಬಯಲಿಗೆಳೆಯುತ್ತಾನೆ.

ನಮ್ಮ ಸಿದ್ಧಾಂತವೂ ಇದಕ್ಕೆ ಸಾಕ್ಷಿಯಾಗಿದೆ. ‘ತತ್ತ್ವಾರ್ಥಸೂತ್ರ’ವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಒಂದು ವಸ್ತುವಿನಲ್ಲಿ ಇನ್ನೊಂದನ್ನು ‘ಇದೇ ಅದು’ ಎಂದು ನೆಲೆಗೊಳಿಸುವುದು ಸ್ಥಾಪನೆ. ರೂಪದ ಹೋಲಿಕೆಯಿದ್ದರೆ ತದಾಕಾರ, ಚದುರಂಗದ ಕಾಯಿಯನ್ನು ರಾಜನೆನ್ನುವಂತೆ ಹೋಲಿಕೆಯಿಲ್ಲದಿದ್ದರೆ ಅತದಾಕಾರ. ಬಸದಿಯಲ್ಲಿ ನಾವು ಶಿಲೆಯ ಬಿಂಬದ ಮುಂದೆ ಕೈಮುಗಿದು ನಿಲ್ಲುವುದು ಸ್ಥಾಪನೆಯ ಬಲದಿಂದಲೇ. ಶಿಲೆಯಲ್ಲಿ ಜಿನನನ್ನು ಸ್ಥಾಪಿಸಿ ಪೂಜಿಸಿದ ಭಾವಕ್ಕೆ ಶುಭಫಲವಿದೆಯೆಂದು ಒಪ್ಪುವವರು, ಹಿಟ್ಟಿನಲ್ಲಿ ಜೀವವನ್ನು ಸ್ಥಾಪಿಸಿ ಕಡಿದ ಭಾವಕ್ಕೆ ಫಲವೇ ಇಲ್ಲವೆಂದು ಹೇಳಲಾಗದು. ‘ಬರೀ ಪ್ರತಿಮೆ’ ಎಂಬ ಮಾತನ್ನು ಒಂದು ಕಡೆ ಆಡಿದರೆ ಎರಡೂ ಕಡೆ ಆಡಬೇಕಾಗುತ್ತದೆ. ಆ ಹುಡುಗಿಯ ಪ್ರಶ್ನೆಗೆ ಇದೇ ಉತ್ತರ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪವು. ಅವನು ಬಿಡಲೇಬೇಕಾದುದು ಸಂಕಲ್ಪೀ ಹಿಂಸೆ. ಯಶೋಧರನ ಕೈಯಲ್ಲಿ ಪ್ರಾಣಹಾನಿಯಿರಲಿಲ್ಲ, ಸಂಕಲ್ಪವಿತ್ತು.

ಇಲ್ಲಿ ಕವಿಯ ಒಂದು ನಿರ್ವಹಣೆಯನ್ನು ಕುರಿತು ಆಕ್ಷೇಪಕ್ಕೆ ಅವಕಾಶವಿದೆ. ಹಿಟ್ಟಿನ ಕೋಳಿಯಲ್ಲಿ ಬೆಂತರವೊಂದು ಬಂದು ಸೇರಿಕೊಂಡು, ಕಡಿದಾಗ ಕೂಗಿತೆಂದು ಜನ್ನನು ಹೇಳುತ್ತಾನೆ. ಕೂಗು ಕೇಳಿಸಿದ ಮೇಲೆ ‘ಅಲ್ಲಿ ಯಾವುದೋ ಜೀವವಿತ್ತು, ಆದುದರಿಂದ ಪಾಪ ಬಂದಿತು’ ಎಂದು ಸಾಮಾನ್ಯ ಓದುಗನು ತಿಳಿಯುವ ಅಪಾಯವಿದೆ. ಹಾಗೆ ತಿಳಿದರೆ ಸಂಕಲ್ಪಹಿಂಸೆಯ ತತ್ತ್ವವೇ ಸಡಿಲವಾಗುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಪಾಪವು ಕೂಗಿಗಿಂತ ಮೊದಲೇ, ಕತ್ತಿ ಏಳುವುದಕ್ಕಿಂತಲೂ ಮೊದಲೇ ಘಟಿಸಿದೆ. ಆದರೆ ಕಾವ್ಯದೃಷ್ಟಿಯಿಂದ ಆ ಕೂಗು ಅನಿವಾರ್ಯ. ತಾನು ಬಾಯಲ್ಲಿ ಆರೋಪಿಸಿದ ಅಭೇದವು ಕಿವಿಗೆ ಕೇಳಿಸಿದಾಗಲಷ್ಟೇ ಯಶೋಧರನಿಗೆ ತನ್ನ ರೂಪಕದ ಅರ್ಥ ತಿಳಿಯುತ್ತದೆ. ಶಾಸ್ತ್ರವು ಒಂದು ಸೂತ್ರದಲ್ಲಿ ಹೇಳುವುದನ್ನು ಕವಿ ಒಂದು ಕೂಗಿನಲ್ಲಿ ಹೇಳಿದ್ದಾನೆ. ಮುಂದೆ ತಾಯಿ-ಮಗ ಇಬ್ಬರೂ ರಾಣಿಯ ವಿಷಕ್ಕೆ ಬಲಿಯಾಗಿ, ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. ಅನಂತರವೇ ಅಭಯರುಚಿ-ಅಭಯಮತಿಯರೆಂಬ ಮನುಷ್ಯಜನ್ಮ. ಹಿಟ್ಟಿಗೆ ಕೊಟ್ಟ ರೂಪವನ್ನು ಕೊಟ್ಟವರೇ ಹೊತ್ತು ತೀರಿಸಬೇಕಾಯಿತು.

ಈ ವಿವೇಚನೆ ಎಂಟುನೂರು ವರ್ಷಗಳ ಹಿಂದಿನ ಕಾವ್ಯಕ್ಕೆ ಮಾತ್ರ ಸೀಮಿತವಲ್ಲ. ಗೌರಿಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆಯ ಗೊಂಬೆಗಳ ಆರತಿ ಬೆಳಗುವ ರೂಢಿಯಿದೆ. ಆನೆ, ನವಿಲುಗಳ ಆ ಗೊಂಬೆಗಳನ್ನು ಮಗು ತಿಂದರೆ ದೋಷವೇ ಎಂದು ತಾಯಂದಿರು ಕೇಳುವುದುಂಟು. ಮಗುವಿನ ಬಾಯಲ್ಲಿ ಅದು ಉಪಮೆ, ನವಿಲಿನಂತಿರುವ ಸಕ್ಕರೆ. ಅಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಮಗುವನ್ನು ಪಾಪದ ಹೆಸರಿನಿಂದ ಹೆದರಿಸುವುದು ಸಲ್ಲದು. ಆದರೆ ಪ್ರಾಣಿಯ ಆಕಾರದ ತಿನಿಸುಗಳನ್ನು ಬೇಡವೆನ್ನುವ ಮನೆಗಳ ಸಂಸ್ಕಾರವೂ ಅರ್ಥವಿಲ್ಲದ್ದಲ್ಲ. ‘ಮೊದಲು ಅದರ ಕುತ್ತಿಗೆ ಮುರಿ’ ಎಂದು ಹಿರಿಯರು ನಗುತ್ತ ಹೇಳಿದೊಡನೆ ಉಪಮೆ ರೂಪಕವಾಗಿ ಬಿಡುತ್ತದೆ.

ಆಯುಧಪೂಜೆಯಂದು, ಹೊಸ ವಾಹನ ಬಂದಂದು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವ ರೂಢಿ ನಮ್ಮಲ್ಲಿಯೂ ಹಲವು ಮನೆಗಳನ್ನು, ಅಂಗಡಿಗಳನ್ನು ಹೊಕ್ಕಿದೆ. ಕಾಯಿಯೊಳಗಣ ಕೆಂಪು ಯಾವುದರ ಪ್ರತಿನಿಧಿ ಎಂದು ಒಡೆಯುವ ಮುನ್ನ ಒಂದು ಕ್ಷಣ ಕೇಳಿಕೊಳ್ಳಬೇಕು. ಅದು ಬಲಿಯ ರಕ್ತಕ್ಕೆ ಬದಲಿಯೆಂಬ ಭಾವವಿದ್ದರೆ, ನಾವು ಚಂದ್ರಮತಿಯ ಸಲಹೆಯನ್ನೇ ಪಾಲಿಸಿದಂತಾಯಿತು. ‘ಬರೀ ಕುಂಬಳಕಾಯಿ’ ಎನ್ನುವುದಾದರೆ ಅದನ್ನು ದಾರಿಯಲ್ಲಿ ಒಡೆಯುವುದೇಕೆ? ಮನೆಗೆ ಒಯ್ದು ಅಡಿಗೆ ಮಾಡುವುದೇ ಲೇಸು.

ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ವಿನಂತಿ. ಪರ್ವಕಾಲದ ಪ್ರವಚನಗಳಲ್ಲಿ ಯಶೋಧರನ ಕಥೆಯನ್ನು ಹೇಳಿಸುವಾಗ ಕಥೆಯ ಭಯಾನಕ ಭಾಗವನ್ನಷ್ಟೇ ಹೇಳಿಸಿ ಕೈಬಿಡಬಾರದು. ಮಕ್ಕಳಿಗೆ ಉಪಮೆ, ರೂಪಕ, ಅಪಹ್ನುತಿಗಳ ಭೇದವನ್ನೂ ನಾಲ್ಕು ನಿಕ್ಷೇಪಗಳನ್ನೂ ಜೊತೆಜೊತೆಯಾಗಿ ಕಲಿಸಬೇಕು. ತಾನು ಆಡುತ್ತಿರುವುದು ‘ಅಂತೆ’ ಎಂಬ ಮಾತೋ ‘ಅದೇ’ ಎಂಬ ಮಾತೋ ಎಂದು ಬಲ್ಲವನು ತನ್ನ ಮನಸ್ಸಿನೊಡನೆ ಎರಡು ಖಾತೆಗಳ ವ್ಯವಹಾರವನ್ನು ಅಷ್ಟು ಸುಲಭವಾಗಿ ನಡೆಸಲಾರನು.