ಮಾನವೆಂಬ ಅಳತೆ: ‘ಕತರೀನಾ ಬ್ಲೂಮಳ ಕಳೆದುಹೋದ ಮಾನ’ ಚಿತ್ರವನ್ನು ಕುರಿತು

ಸ್ತ್ರೀಯ ಸಂಕಟವನ್ನು ವಸ್ತುವಾಗುಳ್ಳ ಚಲನಚಿತ್ರಗಳಲ್ಲಿ ಬಹುಪಾಲು ನಮ್ಮ ಕಣ್ಣೀರನ್ನು ಬೇಡುತ್ತವೆ. ಕೆಲವು ನಮ್ಮ ವಿವೇಕವನ್ನೂ ಬೇಡುತ್ತವೆ. ಫೋಲ್ಕರ್ ಶ್ಲೊಂಡೋರ್ಫ್ ಮತ್ತು ಮಾರ್ಗರೇಟೆ ಫಾನ್ ಟ್ರೋಟಾ ಜೊತೆಗೂಡಿ ನಿರ್ದೇಶಿಸಿದ, 1975ರಲ್ಲಿ ತೆರೆಕಂಡ ಈ ಜರ್ಮನ್ ಚಿತ್ರವು ಎರಡನೆಯ ಪಂಕ್ತಿಗೆ ಸೇರಿದುದು. 1972ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೈನ್‌ರಿಕ್ ಬ್ಯೋಲ್ ಅವರು 1974ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯೇ ಇದರ ಆಧಾರ.

ಕತರೀನಾ ವಕೀಲರೊಬ್ಬರ ಮನೆವಾರ್ತೆ ನೋಡಿಕೊಳ್ಳುವ, ಸ್ವಂತ ದುಡಿಮೆಯಿಂದ ಮನೆ ಮಾಡಿಕೊಂಡ ಯುವತಿ. ಕಾರ್ನಿವಲ್ ಹಬ್ಬದ ಒಂದು ರಾತ್ರಿ ಲುಡ್ವಿಗ್ ಎಂಬವನನ್ನು ಭೇಟಿಯಾಗಿ, ಮನಸೋತು, ಮನೆಗೆ ಕರೆತರುತ್ತಾಳೆ. ಆತ ಪೊಲೀಸರು ಬೆನ್ನಟ್ಟಿರುವ ವ್ಯಕ್ತಿ. ಬೆಳಗಾಗುವಷ್ಟರಲ್ಲಿ ಆತನಿಲ್ಲ, ಬಾಗಿಲಲ್ಲಿ ಶಸ್ತ್ರಧಾರಿಗಳಿದ್ದಾರೆ. ಅಲ್ಲಿಂದ ಮುಂದೆ ಅವಳನ್ನು ಪೊಲೀಸರು ಪ್ರಶ್ನಿಸುತ್ತಾರೆ, ಪತ್ರಿಕೆಯು ತೀರ್ಪು ನೀಡುತ್ತದೆ. ಉಗ್ರವಾದದ ಭೀತಿಯಿಂದ ಪಶ್ಚಿಮ ಜರ್ಮನಿ ತತ್ತರಿಸಿದ್ದ ದಿನಗಳವು. ಅಗ್ಗದ ಪತ್ರಿಕೆಗಳು ಆ ಭೀತಿಯನ್ನು ಬಂಡವಾಳವಾಗಿಸಿಕೊಂಡ ಬಗೆಯನ್ನು ಬ್ಯೋಲ್ ಬಹಿರಂಗವಾಗಿ ಖಂಡಿಸಿ, ತಾವೂ ನಿಂದೆಗೆ ಗುರಿಯಾಗಿದ್ದರು.

ಈ ಕಥೆಯಲ್ಲಿ ಮೊದಲು ಗಾಯಗೊಳ್ಳುವುದು ಮಾತು. ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ ತಾಯಿಯ ಬಳಿಗೆ ವರದಿಗಾರ ಟ್ಯೋಟ್ಗೆಸ್ ಕಳ್ಳತನದಿಂದ ನುಗ್ಗುತ್ತಾನೆ. ಹೀಗೇಕಾಯಿತೆಂದು ಆ ತಾಯಿ ಕೇಳಿದ ಪ್ರಶ್ನೆ, ಹೀಗಾಗಲೇಬೇಕಿತ್ತೆಂಬ ಒಪ್ಪಿಗೆಯಾಗಿ ಅಚ್ಚಾಗುತ್ತದೆ. ಒಂದು ಪ್ರಶ್ನಾರ್ಥಕ ಚಿಹ್ನೆ ಅಳಿದರೆ ಸಾಕು, ತಾಯಿಯೇ ಮಗಳಿಗೆ ವಿರುದ್ಧ ಸಾಕ್ಷಿಯಾಗುತ್ತಾಳೆ. ಕಾದಂಬರಿಯಲ್ಲಿ ಇದಕ್ಕೆ ಪ್ರತಿಯಾಗಿ ನಿಲ್ಲುವ ಸನ್ನಿವೇಶವೊಂದಿದೆ. ಗಂಡಸರು ತನ್ನ ಮೇಲೆ ಬೀಳಲು ಬಂದರೆಂದು ಕತರೀನಾ ಹೇಳಿದುದನ್ನು, ಅವರು ಒಲವು ತೋರಿದರೆಂಬ ಅರ್ಥದಲ್ಲಿ ಬರೆದುಕೊಂಡಾಗ, ಆ ಪದ ತಿದ್ದದೆ ಹೇಳಿಕೆಗೆ ಸಹಿ ಹಾಕಲು ಅವಳು ಒಪ್ಪುವುದಿಲ್ಲ.

ಕನ್ನಡದಲ್ಲಿ ‘ಮಾನ’ವೆಂದೊಡನೆ ನಾವು ಶೀಲವನ್ನು ನೆನೆಯುತ್ತೇವೆ. ಆದರೆ ಮಾನವೆಂದರೆ ಅಳತೆಯೂ ಹೌದು. ತಾಪಮಾನ, ಕಾಲಮಾನಗಳಲ್ಲಿರುವುದು ಅದೇ ಮಾನ. ಕತರೀನಾ ತನ್ನ ಬದುಕನ್ನು ತನ್ನ ಮಾತಿನಿಂದಲೇ ಅಳೆಯಬೇಕೆನ್ನುತ್ತಾಳೆ. ಪತ್ರಿಕೆ ಆ ಅಳತೆಗೋಲನ್ನೇ ಕಸಿಯುತ್ತದೆ. ಶೀರ್ಷಿಕೆಯಲ್ಲಿ ಕಳೆದುಹೋದುದು ಇದೇ ಎಂದು ನಾವು ಭಾವಿಸುತ್ತೇವೆ.

ಕೃತಿಯಿಂದ ಚಿತ್ರಕ್ಕೆ ಬರುವಾಗ ಲಾಭನಷ್ಟಗಳೆರಡೂ ಉಂಟು. ಕಾದಂಬರಿಯಲ್ಲಿ ಕೊಲೆಯ ಸುದ್ದಿ ಆರಂಭದಲ್ಲೇ ತಿಳಿಯುವುದರಿಂದ ಓದುಗನು ಕಾರಣವನ್ನು ಹುಡುಕುತ್ತಾನೆ. ಚಿತ್ರವು ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಅವಳು ವರದಿಗಾರನಿಗೆ ಗುಂಡಿಕ್ಕುವುದನ್ನು ಕೊನೆಗೆ ಇರಿಸಿದೆ. ಇದರಿಂದ ಬ್ಯೋಲ್ ಅವರ ಶುಷ್ಕ ವ್ಯಂಗ್ಯ ಸೊರಗಿದೆ. ಆದರೆ ಆಂಗೆಲಾ ವಿಂಕ್ಲರ್ ಅವರ ಸಂಯಮದ ಅಭಿನಯಕ್ಕೆ ಎಡೆ ದೊರೆತಿದೆ. ಅಳದೆ, ಅರಚದೆ, ಮುಖದ ಸ್ನಾಯುಗಳು ದಿನದಿನಕ್ಕೆ ಬಿಗಿಯುವುದರಲ್ಲೇ ಆಕೆ ಯಾತನೆಯನ್ನು ತೋರಿಸಿದ್ದಾರೆ.

ದೋಷವನ್ನೂ ಹೇಳಬೇಕು. ಟ್ಯೋಟ್ಗೆಸ್‌ನನ್ನು ಚಿತ್ರವು ಎಷ್ಟು ಹೇಯನನ್ನಾಗಿ ಮಾಡಿದೆಯೆಂದರೆ, ಅವನೊಬ್ಬ ಸತ್ತರೆ ಪೀಡೆ ತೊಲಗಿತೆಂದು ಪ್ರೇಕ್ಷಕನು ನಿಟ್ಟುಸಿರಿಡುವ ಅಪಾಯವಿದೆ. ನಿತ್ಯವೂ ಆ ಪತ್ರಿಕೆಯನ್ನು ಕೊಂಡು ಓದಿದವರ ಪಾಲು ಆಗ ಮರೆಯಾಗುತ್ತದೆ. ಕಾದಂಬರಿಯಲ್ಲಿಲ್ಲದ ಅಂತ್ಯದೃಶ್ಯವೊಂದನ್ನು ಸೇರಿಸಿ ನಿರ್ದೇಶಕರು ಇದಕ್ಕೆ ಬಹುಮಟ್ಟಿನ ಪರಿಹಾರ ಕಂಡುಕೊಂಡಿದ್ದಾರೆ. ವರದಿಗಾರನ ಶವಸಂಸ್ಕಾರದಲ್ಲಿ ಪತ್ರಿಕೆಯ ಒಡೆಯನು ಪತ್ರಿಕಾ ಸ್ವಾತಂತ್ರ್ಯದ ಹೆಸರಿನಲ್ಲಿ ಗಂಭೀರ ಭಾಷಣ ಮಾಡುತ್ತಾನೆ. ವ್ಯಕ್ತಿ ಹೋದನು, ಯಂತ್ರ ನಿಲ್ಲಲಿಲ್ಲ. ಕೊಲೆಯನ್ನು ನಾವು ಸಮರ್ಥಿಸಲಾರೆವು. ಅದಕ್ಕೆ ಹಾದಿ ಕಡೆದವರು ನಿರಪರಾಧಿಗಳೆಂದೂ ಒಪ್ಪಲಾರೆವು.

ಗಡಿನಾಡಿನ ನಾವು ಈ ಚಿತ್ರವನ್ನು ಪರದೇಶದ ಕಥೆಯೆಂದು ಬದಿಗಿಡುವಂತಿಲ್ಲ. ಮನೆಯಲ್ಲಿ ಒಂದು ನುಡಿ, ಕಚೇರಿಯ ಕಾಗದದಲ್ಲಿ ಇನ್ನೊಂದು ನುಡಿಯಾಗಿರುವ ಊರಿನವರಿಗೆ, ತಾನು ಆಡಿದ್ದು ಒಂದು, ಬರೆದುಕೊಂಡದ್ದು ಮತ್ತೊಂದು ಎಂಬ ಆತಂಕ ಹೊಸದಲ್ಲ. ಓದಿ ಹೇಳಿರಿ, ತಪ್ಪಿದ ಪದವನ್ನು ತಿದ್ದಿರಿ, ಅನಂತರವೇ ಸಹಿ ಎನ್ನುವ ಕತರೀನಾಳ ಹಟವನ್ನು ನಮ್ಮ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕಲಿಯುವುದು ಲೇಸು.