ವಾಟರ್‌ಪ್ರೂಫ್ ಬೂಟಿಗೆ ಇಷ್ಟೊಂದು ಹೆಸರು ಯಾಕೆ?

ಜೂನ್ ಹತ್ತಿರ ಬಂತೆಂದರೆ ಮುಂಬೈಯಲ್ಲಿ ಸೈಕಲ್ ತುಳಿದು ಆಫೀಸಿಗೆ ಹೋಗುವವರ ನಡುವೆ ವಾಟರ್‌ಪ್ರೂಫ್ ಬೂಟಿನ ಗುಣಗಾನ ಶುರುವಾಗುತ್ತದೆ. ಅದಕ್ಕೆ ಯೋಗ್ಯತೆ ಮೀರಿದ ಹೆಸರು ಬಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿನ ಮಳೆ ಎಂಥದ್ದೆಂದು ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಯಾರೂ ಮರೆತಿಲ್ಲ.

ಬೂಟಿನೊಳಗೆ ನೀರು ಹೋಗುವುದು ಹೊದಿಕೆಯನ್ನು ತೂರಿಕೊಂಡಲ್ಲ, ಮೇಲಿನ ಬಾಯಿಯಿಂದ. ಪೆಡಲ್ ತುಳಿಯುವಾಗ ಮೊಣಕಾಲು ಮೇಲೆ ಬರುತ್ತದೆ, ರೇನ್‌ಕೋಟಿನ ಅಂಚು ಹಿಂದೆ ಸರಿಯುತ್ತದೆ, ತೊಡೆಗೆ ಬಿದ್ದ ನೀರು ಕಾಲಗುಂಟ ಇಳಿದು ಕಾಲುಚೀಲ ಸೇರುತ್ತದೆ. ಕಾಲುಚೀಲ ಅದನ್ನು ದೀಪದ ಬತ್ತಿಯ ಹಾಗೆ ಹೀರಿ ಬೆರಳ ತನಕ ಒಯ್ಯುತ್ತದೆ. ಮುಂಚಕ್ರ ಎತ್ತಿದ ಕೆಸರುನೀರೂ ಪಾದಕ್ಕೇ ರಾಚುತ್ತದೆ. ಹೊರಗಿನ ನೀರನ್ನು ಒಳಗೆ ಬಿಡದ ಹೊದಿಕೆ ಒಳಗಿನದನ್ನು ಹೊರಗೂ ಬಿಡದು. ಕುರ್ಲಾದಲ್ಲಿ ಹೊಕ್ಕ ನೀರು ಲೋವರ್ ಪರೇಲಿನಲ್ಲೂ ಒಳಗೇ ಇರುತ್ತದೆ. ಜುಲೈಯ ಗಾಳಿಯಲ್ಲಿ ಆ ಬೂಟು ಮರುದಿನಕ್ಕೂ ಒಣಗುವುದಿಲ್ಲ.

ಹಾಲಿನ ಭಯ್ಯಾನ, ಡಬ್ಬಾವಾಲಾನ ಕಪ್ಪು ಸೈಕಲನ್ನು ಬೂಟಿನ ಭಕ್ತರು ಕಣ್ಣಿಟ್ಟು ನೋಡಿಯೇ ಇಲ್ಲ. ಮುಂಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡು, ಅದರ ತುದಿಗೆ ನೆಲ ಮುಟ್ಟುವಷ್ಟು ಇಳಿಬಿಟ್ಟ ರಬ್ಬರ್ ಪಟ್ಟಿ. ಕಾಲಿಗೆ ರಾಚುವ ನೀರನ್ನು ತಡೆಯುವುದು ಆ ಪಟ್ಟಿ. ಇವತ್ತಿನ ಗೇರ್ ಸೈಕಲ್‌ಗಳು ಹೆಚ್ಚಾಗಿ ಮಡ್‌ಗಾರ್ಡೇ ಇಲ್ಲದೆ ಬರುತ್ತವೆ.

ತೆರೆದ ಚಪ್ಪಲಿಯಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆಂದು ಬೂಟಿನ ಪಕ್ಷದವರು ಹೆದರಿಸುತ್ತಾರೆ. ಭಯ ನಿಜ, 2005ರ ನೆರೆ ಇಳಿದ ಮೇಲೆ ಈ ಜ್ವರಕ್ಕೆ ಜನ ಸತ್ತಿದ್ದಾರೆ. ವಾದ ಮಾತ್ರ ತಪ್ಪು. ರೋಗಾಣು ಗಾಯದಿಂದ ಒಳಬರುವ ಹಾಗೆಯೇ ನೆನೆದು ಮೆತ್ತಗಾದ ಚರ್ಮದಿಂದಲೂ ಬರುತ್ತದೆ. ನೀರು ತುಂಬಿದ ಬೂಟಿನಲ್ಲಿ ಬಿಳಿಚಿಕೊಂಡ ಪಾದವನ್ನು ಇವರು ಲೆಕ್ಕಕ್ಕೇ ಹಿಡಿದಿಲ್ಲ. ಹಿಂದಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರು ನಿಂತಾಗ ಯಾವ ಪಾದರಕ್ಷೆಯ ಧೈರ್ಯದಿಂದಲೂ ಸೈಕಲ್ ಇಳಿಸಕೂಡದು. 2017ರ ಆಗಸ್ಟ್ 29ರಂದು ಡಾ. ದೀಪಕ್ ಅಮರಾಪುರಕರ್ ಅಂಥ ನೀರಿನಡಿಯ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಕಾಲು ನೆರೆನೀರಿಗೆ ತಗುಲಿದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಬೇಕೇ ಎಂದು ಕೇಳಿ ಎಂಬ ಪಾಲಿಕೆಯ ಸೂಚನೆ ಎಲ್ಲರಿಗೂ ಅನ್ವಯಿಸುತ್ತದೆ, ಬೂಟು ತೊಟ್ಟವರಿಗೂ.

ಕಲ್ಲು, ಮೊಳೆಯಿಂದ ಬೂಟು ಬೆರಳನ್ನು ಕಾಯುತ್ತದೆ, ಒಪ್ಪಿದೆ. ಮುಂದೆ ಮುಚ್ಚಿ ಪಕ್ಕದಲ್ಲಿ ತೂತಿರುವ, ಹಿಮ್ಮಡಿಗೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ಲೂ ಆ ಕೆಲಸ ಮಾಡುತ್ತದೆ, ನೀರನ್ನೂ ಹರಿದುಹೋಗಲು ಬಿಡುತ್ತದೆ. ಒಣ ಶೂ, ಕಾಲುಚೀಲ ಆಫೀಸಿನಲ್ಲಿರಲಿ, ಜೊತೆಗೊಂದು ಚಿಕ್ಕ ಟವೆಲ್. ಕಿರುಬೆರಳಿನ ಸಂದಿಯನ್ನು ಮರೆಯದೆ ಒರೆಸಬೇಕು; ಶಿಲೀಂಧ್ರ ಸಾಮಾನ್ಯವಾಗಿ ಮೊದಲು ಹಿಡಿಯುವುದು ಅಲ್ಲಿ.