ಮನೆ ಬಾಡಿಗೆಗಿದೆ

ಕತ್ರಿಗುಪ್ಪೆಯ ನಮ್ಮ ರಸ್ತೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ನಾಲ್ಕಾದರೂ ಟು-ಲೆಟ್ ಬೋರ್ಡ್ ಕಾಣುತ್ತವೆ. ಅದರಲ್ಲಿ ಒಂದೆರಡರ ಕೆಳಗೆ ಸಣ್ಣಕ್ಷರದಲ್ಲಿ 'ವೆಜಿಟೇರಿಯನ್ಸ್ ಓನ್ಲಿ' ಅಂತಿರುತ್ತೆ. ಎಂಟು ವರ್ಷದಿಂದ ಇಲ್ಲೇ ಇದ್ದೇನೆ. ಆದರೆ ಆ ಬೋರ್ಡನ್ನು ನಿಜವಾಗಿ ಓದಿದ್ದು 'ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ' ನೋಡಿ ಬಂದ ಮೇಲೆ.

ಜಂಗಮ ಕಲೆಕ್ಟಿವ್ ಚಿಕ್ಕ ತಂಡ. ಕೆ.ಪಿ. ಲಕ್ಷ್ಮಣ್ ನಿರ್ದೇಶನದ ಈ ನಾಟಕದಲ್ಲಿರುವುದು ನಗರದಲ್ಲಿ ಬದುಕು ಹುಡುಕುವ ಮೂವರು ದಲಿತ ಯುವಜನರು. ಸಿಟೀಲಿ ಜಾತಿ ಯಾರು ಕೇಳ್ತಾರೆ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಆ ಮಾತಿನ ಬೆಲೆ ಎಷ್ಟು ಅಂತ ಇವರು ಲೆಕ್ಕ ಕೊಡುತ್ತಾರೆ. ಎಲ್ಲಿ ಮುಚ್ಚಿಡಬೇಕು, ಎಲ್ಲಿ ಬಾಯಿ ಬಿಡಬೇಕು ಅನ್ನುವ ಆ ದಿನನಿತ್ಯದ ಲೆಕ್ಕ ನಮಗೆ ಬೇಕಾಗಿಯೇ ಇರಲಿಲ್ಲ.

ಇಂಥ ನಾಟಕಗಳನ್ನು 'ಇನ್‌ಕ್ಲೂಸಿವ್' ಅನ್ನೋದು ಈಗ ರೂಢಿ. ಆಫೀಸಿನ ಎಚ್‌ಆರ್ ಮೇಲ್‌ನಿಂದ ಬಂದ ಈ ಪದದ ಬಗ್ಗೆ ನನಗೊಂದು ತಕರಾರಿದೆ. 'ಒಳಗೆ ಬನ್ನಿ' ಅಂತ ಕರೆಯಬೇಕಾದರೆ ಕರೆಯುವವನು ಮನೆ ಓನರ್ ಆಗಿರಬೇಕು. ಜಂಗಮದವರ ರಂಗದ ಮೇಲೆ ಓನರ್ ನಾವಲ್ಲ. ಕೋಟಿಗಾನಹಳ್ಳಿ ರಾಮಯ್ಯನವರ ಬರವಣಿಗೆಯಿಂದ ಹುಟ್ಟಿದ ಇವರ 'ದಕ್ಲಕಥಾ ದೇವಿಕಾವ್ಯ'ವನ್ನೇ ನೋಡಿ. ಅಸ್ಪೃಶ್ಯರಿಗೂ ಅಸ್ಪೃಶ್ಯರಾದ ದಕ್ಕಲರ ಲೋಕ ಅದು. ಅರೆ, ತಮಟೆ ಎದೆಗೇ ಬಡಿಯುತ್ತವೆ. ಕೆಲವು ಮಾತು ನನಗೆ ಅರ್ಥವಾಗಲಿಲ್ಲ, ನನಗೋಸ್ಕರ ಯಾರೂ ನಿಂತು ವಿವರಿಸಲೂ ಇಲ್ಲ. ಅದೇ ಸರಿ. ಅಲ್ಲಿ ಅತಿಥಿ ನಾನು.

ಕನ್ನಡ ರಂಗಭೂಮಿ ಇಷ್ಟು ದೂರ ಬಂದದ್ದು ಒಂದೇ ಹೆಜ್ಜೆಯಲ್ಲಲ್ಲ. 1975ರಲ್ಲಿ ಶುರುವಾದ 'ಸಮುದಾಯ' ನಾಟಕವನ್ನು ಬೀದಿಗೆ ತಂದಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ಹತ್ಯಾಕಾಂಡ ಸಿಜಿಕೆ ಕೈಯಲ್ಲಿ 'ಬೆಲ್ಚಿ' ಬೀದಿನಾಟಕವಾಯಿತು. ಆ ಸಿಟ್ಟಿಗೆ ಇವತ್ತಿಗೂ ಗೌರವ ಸಲ್ಲಬೇಕು. ಆದರೆ ಅದು ನಡೆದದ್ದು ದೂರದ ಹಳ್ಳಿಯಲ್ಲಿ, ನೋಡುವವನು 'ಅಯ್ಯೋ' ಅಂದು ತಪ್ಪಿಸಿಕೊಳ್ಳಬಹುದಿತ್ತು. ಬಾಬ್ ಮಾರ್ಲಿ ನಮ್ಮದೇ ಊರಿನ ಕಥೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಾಟಕದಲ್ಲಿ ಕೊರತೆಯೇ ಇಲ್ಲವಾ? ಇದೆ. ಕೆಲವು ಕಡೆ ಮಾತು ಭಾಷಣದ ಹತ್ತಿರ ಹೋಗುತ್ತೆ. ಮೌನವೇ ಹೇಳಿಬಿಟ್ಟದ್ದನ್ನು ಮಾತು ಇನ್ನೊಮ್ಮೆ ಹೇಳುತ್ತೆ. ಆದರೆ ನನ್ನ ದೊಡ್ಡ ದೂರು ಇರುವುದು ನಮ್ಮ ಮೇಲೆ, ಪ್ರೇಕ್ಷಕರ ಮೇಲೆ. ಎದ್ದು ನಿಂತು ಚಪ್ಪಾಳೆ ತಟ್ಟಿ, ಹೊರಗೆ ಬಂದು ಫೋಟೋ ಹಾಕಿ, ಮನೆಗೆ ಹೋಗಿ ಮಲಗುತ್ತೇವೆ. ಬೆಳಗ್ಗೆ ಗೇಟಿನ ಬೋರ್ಡ್ ಹಾಗೇ ಇರುತ್ತೆ.

ಹೋದ ವರ್ಷ ನನ್ನ ಸಹೋದ್ಯೋಗಿಯೊಬ್ಬನಿಗೆ ಮನೆ ಹುಡುಕಿಕೊಡುತ್ತಿದ್ದೆ. ಪಕ್ಕದ ರಸ್ತೆಯ ಓನರ್ ಕೇಳಿದರು: "ಯಾವ ಪೈಕಿ ಅವರು?" ನಾನು ಹಲ್ಲು ಬಿಟ್ಟು, "ತುಂಬಾ ಡೀಸೆಂಟ್ ಹುಡುಗ, ಅಂಕಲ್" ಅಂದೆ. ಮನೆ ಸಿಕ್ಕಿತು. ಉಪಕಾರ ಮಾಡಿದೆ ಅಂತ ಬೀಗಿದ್ದೆ. ಪ್ರಶ್ನೆ ತಪ್ಪು ಅನ್ನೋ ಬದಲು ಉತ್ತರ ಮುಚ್ಚಿಟ್ಟಿದ್ದೆ, ಅಷ್ಟೇ. ಅವನು ಈಗಲೂ ಆ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡೇ ಕೋಳಿಸಾರು ಮಾಡುತ್ತಾನೆ.

ನಾಟಕಕ್ಕೆ ಅವನನ್ನೂ ಕರೆದಿದ್ದೆ. "ನೀನು ನೋಡ್ಕೊಂಡು ಬಾ ಗುರು, ನಂಗೆ ಗೊತ್ತಿರೋ ಕಥೇನೇ" ಅಂದ.